ಮೂರು ದಿನದ ಜೋಡಿ

ಬೋರ್ಡ್ ಗೇಮ್ ಮೇಳದ ಹಾಲ್‌ನ ಬಾಗಿಲು ಇನ್ನೂ ತೆರೆದಿರಲಿಲ್ಲ. ಅವಳು ಮೇಜಿನ ಕೆಳಗೆ ಮಂಡಿಯೂರಿ ಬಾಕ್ಸ್‌ಗಳ ಮೇಲಿನ ಪ್ಲಾಸ್ಟಿಕ್ ಹರಿಯುತ್ತಿದ್ದಾಗ ಎದುರಿಗೆ ಒಂದು ಜೊತೆ ಚಪ್ಪಲಿ ಬಂದು ನಿಂತವು. ಎಡಗಾಲಿನ ಹೆಬ್ಬೆರಳ ಉಗುರಿನ ಮೇಲೆ ಒಣಗಿದ ನೀಲಿ ಬಣ್ಣದ ಚುಕ್ಕೆ.

ತಲೆಯೆತ್ತಿ ನೋಡುವ ಅಗತ್ಯವೇ ಇರಲಿಲ್ಲ. ಆದರೂ ನೋಡಿದಳು. ನೋಡಬಾರದಿತ್ತು. ಅವನು ಸ್ವಲ್ಪ ಸಣ್ಣಗಾಗಿದ್ದ. ಸಣ್ಣಗಾಗಿದ್ದು ಅವನಿಗೆ ಒಪ್ಪಿತ್ತು. ಅದೇ ಅವಳಿಗೆ ಸಿಟ್ಟು ತರಿಸಿತು.

"ಏಳು ಗಂಟೆಗೆ ಬಾ ಅಂತ ನಿಮ್ಮಕ್ಕ ಹೇಳಿದ್ರು, ಏಳೂವರೆ ಆಯ್ತು," ಅಂದ. "ಬೈಯೋದಿದ್ರೆ ಈಗಲೇ ಬೈದ್ಬಿಡು ಟೀಚರ್. ಜನ ಬಂದ ಮೇಲೆ ನಗ್ತಾ ಇರ್ಬೇಕಲ್ಲ."

ಅವಳು ಬೈಯಲಿಲ್ಲ. ಕತ್ತರಿಯನ್ನು ಮೇಜಿನ ಮೇಲೆ ಅವನ ಕಡೆಗೆ ಜಾರಿಸಿ, ಆ ಬದಿಯ ಬಾಕ್ಸ್‌ಗಳನ್ನು ಬಿಚ್ಚು ಅಂದಳು. ಎಂಟು ತಿಂಗಳ ನಂತರ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

ಅವಳು ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಉಳಿದ ಹೊತ್ತೆಲ್ಲ ಬೋರ್ಡ್ ಗೇಮ್ ಕಟ್ಟುತ್ತಿದ್ದಳು. ಯಾವ ಕಂಪನಿಯೂ ಇಲ್ಲ, ಯಾರ ಹಂಗೂ ಇಲ್ಲ. ನಿಯಮ ಬರೆಯುವುದು, ಹಳೆಯ ಉತ್ತರಪತ್ರಿಕೆಗಳ ಬೆನ್ನಿಗೆ ರಟ್ಟು ಅಂಟಿಸಿ ಕಾರ್ಡ್ ಕತ್ತರಿಸುವುದು, ನೂರು ಸಲ ಆಡಿ ನೂರು ಸಲ ಹರಿದು ಹಾಕುವುದು. ಅವನು ಚಿತ್ರಗಾರ. ಅವಳು ಅವನನ್ನು ಬಣ್ಣ ಎಂದು ಕರೆಯುತ್ತಿದ್ದಳು, ಕೈಕಾಲಿನ ಮೇಲೆ ಎಲ್ಲಾದರೂ ಒಂದು ಕಡೆ ಅದು ಇದ್ದೇ ಇರುತ್ತಿತ್ತಾದ್ದರಿಂದ. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರೂ ನಾಲ್ಕು ವರ್ಷ ಒಟ್ಟಿಗೆ ಬಾಳಿದ್ದರು. ಆ ನಾಲ್ಕು ವರ್ಷಗಳಲ್ಲಿ ಹುಟ್ಟಿದ್ದು ಈ ಆಟ: ಎದುರು ಮನೆ.

ಇಬ್ಬರೇ ಆಡುವ ಆಟ. ಬೋರ್ಡಿನ ಮೇಲೆ ಒಂದು ಓಣಿ, ಓಣಿಯ ಎರಡು ಬದಿಗೆ ಒಂದಕ್ಕೊಂದು ಮುಖ ಮಾಡಿ ನಿಂತ ಎರಡು ಮನೆ. ಇಬ್ಬರೂ ತಮ್ಮ ಮನೆಯ ಕಿಟಕಿಗಳಲ್ಲಿ ಒಂದೊಂದೇ ಕಾರ್ಡ್ ಇಡುತ್ತಾ ಹೋಗಬೇಕು. ಹೂಕುಂಡ, ಲೋಟ, ಖಾಲಿ ಕುರ್ಚಿ, ಒಣಹಾಕಿದ ಅಂಗಿ. ಎದುರಿನವರು ಏನು ಹೇಳುತ್ತಿದ್ದಾರೆಂದು ಊಹಿಸಿ ತಕ್ಕ ಕಾರ್ಡ್ ಇಡಬೇಕು. ಕೊನೆಗೆ ಇಬ್ಬರೂ ಒಂದೊಂದು ಕಾರ್ಡನ್ನು ಬೋರಲು ಇಟ್ಟು ಒಟ್ಟಿಗೆ ತಿರುಗಿಸಬೇಕು. ಇಬ್ಬರದೂ ದೀಪವಾದರೆ ಇಬ್ಬರೂ ಗೆದ್ದಂತೆ. ಒಬ್ಬರು ದೀಪ, ಇನ್ನೊಬ್ಬರು ಪರದೆ ಇಟ್ಟರೆ ಪರದೆ ಎಳೆದವರು ಮಾತ್ರ ಗೆಲ್ಲುತ್ತಾರೆ. ಇಬ್ಬರೂ ಪರದೆ ಎಳೆದರೆ ಇಬ್ಬರೂ ಸೋತಂತೆ. ಆಟ ಮುಗಿಯುವ ತನಕ ಒಂದು ಮಾತೂ ಆಡುವಂತಿಲ್ಲ. ಕಣ್ಣಿಗೆ ಮಾತ್ರ ನಿರ್ಬಂಧವಿಲ್ಲ.

ಅಚ್ಚಿಗೆ ಕಳಿಸುವ ಹೊತ್ತಿಗೆ, ಕೊನೆಯ ನಿಯಮವೊಂದು ಇನ್ನೂ ಕೂಡಿಬರದಿದ್ದಾಗ, ಅವಳ ಅಪ್ಪನಿಗೆ ಲಕ್ವ ಹೊಡೆಯಿತು. ಆರು ವಾರ ಆಸ್ಪತ್ರೆ. ಅವಳು ಹಾಸಿಗೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲೇ ಮಲಗಿದಳು, ಅಲ್ಲೇ ಎದ್ದಳು. ಅವನು ಬಂದದ್ದು ಎರಡು ಸಲ, ಎರಡು ಸಲವೂ ಹತ್ತು ನಿಮಿಷ. ಐದನೆಯ ವಾರದ ಒಂದು ಸೋಮವಾರ ಬಟ್ಟೆ ಬದಲಿಸಲು ಮನೆಗೆ ಹೋದರೆ, ಕೋಣೆಯಲ್ಲಿ ಅವನ ಬ್ರಷ್‌ಗಳಿಲ್ಲ, ಅಂಗಿಗಳಿಲ್ಲ. ಬೀಗದಕೈ ಕೆಳಗಿನ ಟೈಲರ್ ಹತ್ತಿರ. ಫೋನಿನಲ್ಲಿ ಒಂದು ಸಾಲು: ನನ್ನ ಕೈಲಿ ಆಗ್ತಿಲ್ಲ, ಕ್ಷಮಿಸು. ಅದಾದ ಒಂಬತ್ತನೆಯ ದಿನ ಅಪ್ಪ ತೀರಿಕೊಂಡರು. ಅವನು ಬರಲಿಲ್ಲ.

ಆದರೆ ಸ್ಟಾಲ್‌ಗೆ ಅರ್ಜಿ ಹಾಕಿದ್ದು ಅದಕ್ಕೂ ಮೊದಲು. ಮೇಳದ ಪುಸ್ತಕದಲ್ಲಿ ಇಬ್ಬರ ಫೋಟೋ ಅಚ್ಚಾಗಿ ಹೋಗಿತ್ತು. ಅವಳ ಕೆನ್ನೆ ಅವನ ಭುಜಕ್ಕೆ ಒತ್ತಿಕೊಂಡಿದೆ. ಕೆಳಗೆ, ಪ್ರೀತಿಸಿದವರೇ ಕೂಡಿ ಮಾಡಿದ ಆಟ ಎಂಬ ಸಾಲು. ಒಬ್ಬಳೇ ಹೋಗುತ್ತೇನೆಂದು ಅವಳು ಹಟ ಹಿಡಿದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ.

"ಇಬ್ರು ಆಡೋ ಆಟ ಕಣೇ. ಒಬ್ಳೇ ಕೂತು ಯಾರ ಮುಖ ನೋಡ್ತೀಯ?"

ಅಕ್ಕನೇ ಅವನಿಗೆ ಫೋನ್ ಮಾಡಿದಳು. ಅವನು ಬರುವುದಿಲ್ಲ ಎಂದೇ ಅವಳು ನಂಬಿದ್ದಳು. ಅಕ್ಕನಿಗೆ ಸರಿ ಎಂದುಬಿಟ್ಟಿದ್ದು ಆ ನಂಬಿಕೆಯ ಮೇಲೆ.

ಈಗ ಅವನು ಇದ್ದ. ಬಾಕ್ಸ್‌ಗಳನ್ನು ಗೋಪುರದಂತೆ ಪೇರಿಸುತ್ತಿದ್ದ, ಮೊದಲಿನಂತೆಯೇ ಮೇಲಿನದನ್ನು ಸ್ವಲ್ಪ ಓರೆಯಾಗಿ. ಅವಳು ಷರತ್ತು ಹೇಳಿದಳು. ಮೂರು ದಿನ. ಜನರ ಮುಂದೆ ಜೋಡಿ, ಮೇಜಿನ ಹಿಂದೆ ಬರೀ ಕೆಲಸ. ಹಳೆಯ ವಿಷಯ ಎತ್ತುವಂತಿಲ್ಲ.

"ನಿಯಮ ಮುರಿದ್ರೆ?" ಎಂದು ಕೇಳಿದ.

"ಮುರಿದು ನೋಡು," ಅಂದಳು.

ಮೊದಲ ಎರಡು ಗಂಟೆ ಆಡಲು ಯಾರೂ ನಿಲ್ಲಲಿಲ್ಲ. ಎದುರಿನ ದೊಡ್ಡ ಕಂಪನಿಯ ಸ್ಟಾಲ್‌ನಲ್ಲಿ ಆಳೆತ್ತರದ ಟಿವಿ ಪರದೆ, ಅದರ ಮುಂದೆ ಸಾಲು. ಇವರ ಆರಡಿ ಮೇಜಿನ ಮುಂದೆ ಜನ ಹರಿದು ಹೋಗುತ್ತಿದ್ದರು. ಕೆಲವರು ಬಾಕ್ಸ್ ಎತ್ತಿ, ತೂಕ ನೋಡಿ, ಹಿಂಬದಿಯ ಮೂರು ಸಾಲು ಓದಿ, ಬೋರಲಾಗಿ ಇಟ್ಟು ಹೋದರು. ಒಬ್ಬ ಗೃಹಸ್ಥ ತನ್ನ ತಲೆಯಲ್ಲಿರುವ ಆಟದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಪುಕ್ಕಟೆ ಸ್ಟಿಕರ್ ಎರಡು ತೆಗೆದುಕೊಂಡು ಹೋದ. ಅವಳು ಆಗಲೇ ಜನರನ್ನು ಕರೆದು ಕರೆದು ದಣಿದಿದ್ದಳು. ನಾಲ್ಕು ವರ್ಷದ ಬದುಕನ್ನು ನಾಲ್ಕು ವಾಕ್ಯಗಳಲ್ಲಿ ಹೇಳಬೇಕು, ಅದೂ ನಡೆದು ಹೋಗುತ್ತಿರುವವರ ಬೆನ್ನಿಗೆ.

ಬಣ್ಣ ಎದ್ದು ಎರಡು ಕುರ್ಚಿಗಳನ್ನು ಮೇಜಿನ ಮುಂದಕ್ಕೆ ಎಳೆದ. ಒಂದರಲ್ಲಿ ಕೂತು ಇನ್ನೊಂದನ್ನು ಕಾಲಿನಿಂದ ಅವಳತ್ತ ತಳ್ಳಿದ.

"ಕರೆಯೋದು ಬೇಡ. ಆಡೋಣ ಬಾ."

ಆಡಿದರು. ಅವಳು ಕಿಟಕಿಯಲ್ಲಿ ಖಾಲಿ ಕುರ್ಚಿ ಇಟ್ಟಳು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ಅವನ ಎಡ ಹುಬ್ಬು ಕೂದಲೆಳೆಯಷ್ಟು ಮೇಲೆ ಹೋಯಿತು. ಆ ಹುಬ್ಬು ಅವಳಿಗೆ ಗೊತ್ತು. ನಾಲ್ಕು ವರ್ಷ ಬೆಳಗಿನ ಟೀ ಲೋಟದ ಅಂಚಿನ ಮೇಲಿಂದ ಅದನ್ನೇ ನೋಡಿದವಳು. ಅವನು ಕಾರ್ಡನ್ನು ಆರಿಸಿ, ಇಡುವಂತೆ ಮಾಡಿ, ಹಿಂದಕ್ಕೆ ತೆಗೆದು, ಮತ್ತೆ ಇಡುವಂತೆ ಮಾಡಿದ. ಅವಳ ತುಟಿ ನಗುವುದಿಲ್ಲ ಎಂದು ಬಿಗಿಯಿತು. ಬಿಗಿದದ್ದನ್ನು ಅವನು ನೋಡಿದ. ನೋಡಿದ್ದನ್ನು ಅವಳು ನೋಡಿದಳು.

ಕಿವಿಯವರೆಗೆ ರಕ್ತ ಏರಿತು. ಇದು ವ್ಯಾಪಾರ ಎಂದು ತನಗೆ ತಾನೇ ಹೇಳಿಕೊಂಡಳು.

ತಲೆಯೆತ್ತಿದಾಗ ಸುತ್ತ ಹದಿನೈದು ಜನ ನಿಂತಿದ್ದರು.

ಕೊನೆಯ ಕಾರ್ಡ್ ತಿರುಗಿಸಿದಾಗ ಇಬ್ಬರದೂ ದೀಪ. ಯಾರೋ ಚಪ್ಪಾಳೆ ತಟ್ಟಿದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಡೆಮೊ ಆಟದಲ್ಲಿ ಯಾವಾಗಲೂ ದೀಪ ಎಂದು ಮೇಜಿನ ಹಿಂದೆ ಮಾತಾಡಿಕೊಂಡರು, ಮಾರುವುದಕ್ಕೆ ಅದೇ ಒಳ್ಳೆಯದು ಎಂದು.

ಜನ ಕೇಳುತ್ತಿದ್ದುದು ಆಟದ ವಿಷಯವಲ್ಲ, ಇವರ ವಿಷಯ. ಹೇಗೆ ಭೇಟಿಯಾದಿರಿ? ಬಣ್ಣ ಹೇಳುತ್ತಿದ್ದ, ಪ್ರತಿ ಸಲವೂ ಒಂದಿಷ್ಟು ಉಪ್ಪುಖಾರ ಹಚ್ಚಿ. ಅವಳ ಹಿಂದಿನ ಯಾವುದೋ ಆಟವನ್ನು ಪರೀಕ್ಷೆಗೆಂದು ಆಡಲು ಹೋಗಿದ್ದನಂತೆ, ಬೇಜಾರಾಗಿ ಅವಳ ಕಾರ್ಡ್‌ಗಳ ಮೇಲೆಲ್ಲ ಬೆಕ್ಕು ಬರೆದನಂತೆ, ಅವಳು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ ಬೈದಳಂತೆ. ಮಧ್ಯಾಹ್ನದ ಹೊತ್ತಿಗೆ ಅವಳು ಕಿವಿ ಹಿಂಡಿದ್ದೂ ಕಥೆಗೆ ಸೇರಿಕೊಂಡಿತು.

"ಕಿವಿ ಹಿಂಡಿರ್ಲಿಲ್ಲ," ಎಂದು ಅವಳು ತಿದ್ದಿದಳು.

"ಹಿಂಡ್ಬೇಕು ಅನ್ಸಿತ್ತಲ್ಲ?"

"ಈಗ್ಲೂ ಅನ್ಸುತ್ತೆ."

ಜನ ನಕ್ಕರು. ಅವಳೂ ನಕ್ಕಳು. ನಕ್ಕಿದ್ದರಲ್ಲಿ ನಟನೆ ಎಷ್ಟು ಎಂದು ಅವಳಿಗೇ ಲೆಕ್ಕ ಸಿಗಲಿಲ್ಲ.

ಪಕ್ಕದ ಮೇಜಿನಲ್ಲಿ ಮರದ ದಾಳ ಮಾರುವ ಒಬ್ಬ ಮುದುಕರಿದ್ದರು. ಅವರ ಮುಂದೆ ಗಿರಾಕಿಗಳು ಕಡಿಮೆ, ಹಾಗಾಗಿ ನೋಡುವ ಪುರುಸೊತ್ತು ಜಾಸ್ತಿ. ಸಂಜೆ ಸಾಮಾನು ಮುಚ್ಚುವಾಗ ಅವಳನ್ನು ಕರೆದು ಮೆಲ್ಲಗೆ ಹೇಳಿದರು.

"ಜನ ಬಂದಾಗ ನಿಮ್ಮ ಕುರ್ಚಿಗಳು ಅಂಟಿಕೊಳ್ತವೆ ತಾಯಿ. ಹೋದ ಕೂಡಲೇ ಒಂದು ಗೇಣು ದೂರ ಸರೀತವೆ. ನನಗ್ಯಾಕೆ ಅನ್ನಿ. ಕಣ್ಣಿಗೆ ಬಿತ್ತು, ಹೇಳ್ದೆ."

ಅವಳು ಸುಮ್ಮನೆ ಹಲ್ಲು ಕಿರಿದಳು. ಆದರೆ ಮರುದಿನ ಬೆಳಿಗ್ಗೆ ಕುರ್ಚಿ ಹಾಕುವಾಗ ದೂರ ಸರಿಸಲಿಲ್ಲ. ಮುದುಕರ ಬಾಯಿ ಮುಚ್ಚಿಸಲು ಎಂದುಕೊಂಡಳು.

ಎರಡನೆಯ ದಿನ ಗಾಳಿ ಇವರ ಕಡೆ ತಿರುಗಿತ್ತು. ಯಾರೋ ಇವರ ಆಟದ ವಿಡಿಯೊ ಹಾಕಿದ್ದರು, ಪ್ರೀತಿಯ ಜೋಡಿಯನ್ನು ನೋಡಲೆಂದೇ ಜನ ಹುಡುಕಿಕೊಂಡು ಬಂದರು. ಮಧ್ಯಾಹ್ನ ಮೇಜಿನ ಹಿಂದೆ ನೆಲಕ್ಕೆ ಕೂತು ಐದು ನಿಮಿಷದಲ್ಲಿ ಬ್ರೆಡ್ಡು ತಿಂದರು. ಅವನು ಕಿತ್ತಳೆ ಸುಲಿದು, ತೊಳೆಗಳ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ಬಿಡಿಸಿ ಅವಳ ಅಂಗೈಗೆ ಇಟ್ಟ. ನಾರಿದ್ದರೆ ಅವಳು ತಿನ್ನುವುದಿಲ್ಲ. ಅದನ್ನು ಅವನು ಮರೆತಿರಲಿಲ್ಲ.

"ಇಲ್ಲಿ ಜನ ಇಲ್ಲ," ಅಂದಳು. "ನಟಿಸೋದು ಬೇಡ."

"ನಾನು ಕಿತ್ತಳೆ ಸುಲೀತಾ ಇದೀನಿ ಅಷ್ಟೆ."

ಅವನ ಬೆರಳ ತುದಿ ಅವಳ ಅಂಗೈಯಲ್ಲಿ ಬೇಕಾದ್ದಕ್ಕಿಂತ ಒಂದು ಕ್ಷಣ ಜಾಸ್ತಿ ನಿಂತಿತು. ಅವಳು ಕೈ ಎಳೆದುಕೊಳ್ಳಲಿಲ್ಲ. ಎಂಟು ತಿಂಗಳಿಂದ ಕಲ್ಲಾಗಿದ್ದದ್ದು ಒಳಗೆ ಎಲ್ಲೋ ಜರುಗಿತು. ತಿಂದು ಎದ್ದಾಗ, ಹಗುರಾಗಿದ್ದೇನೆ ಎಂದು ಅವಳಿಗೆ ಭಯವಾಯಿತು.

ಆ ಹಗುರ ಒಂದು ಗಂಟೆ ಇತ್ತು.

ಮೂರು ಗಂಟೆಗೆ ನಡುವಯಸ್ಸಿನ ಹೆಂಗಸೊಬ್ಬರು ಗಂಡನ ಜೊತೆ ಬಂದು ಆಡಿದರು. ಆಡಿ ಮುಗಿಸಿ, ಈ ಕಿಟಕಿಗಳ ಯೋಚನೆ ಹೇಗೆ ಬಂತು ಎಂದು ಕೇಳಿದರು. ಅವಳು ಚಿಲ್ಲರೆ ಹುಡುಕುತ್ತಿದ್ದಳು. ಬಣ್ಣ ಉತ್ತರ ಶುರು ಮಾಡಿದ.

ಇವರಪ್ಪ ಆಸ್ಪತ್ರೆಯಲ್ಲಿದ್ದರು, ಅಂದ. ಹಾಸಿಗೆಯ ಎದುರಿಗೆ ಒಂದು ಕಿಟಕಿ, ಆಚೆ ಇನ್ನೊಂದು ಕಟ್ಟಡ. ನಾವಿಬ್ಬರೂ ವಾರಗಟ್ಟಲೆ ಅಲ್ಲೇ ಕೂತಿರುತ್ತಿದ್ದೆವು. ಮಾತಾಡಿದರೆ ಅವರಿಗೆ ಎಚ್ಚರವಾಗುತ್ತದೆಂದು ಸುಮ್ಮನೆ ಆಚೆ ಮನೆಗಳ ದೀಪ ಆರುವುದು ಹತ್ತುವುದು ನೋಡುತ್ತಿದ್ದೆವು. ಅವರು ಎಡಗೈಯಿಂದ ನನ್ನ ಕೈ ಹಿಡಿದುಕೊಂಡರೆ ಬಿಡುತ್ತಲೇ ಇರಲಿಲ್ಲ.

ಹೆಂಗಸು ಕರ್ಚೀಫು ತೆಗೆದರು. ಗಂಡ ಎರಡು ಬಾಕ್ಸ್ ಕೊಡಿ ಅಂದರು, ಒಂದು ಮಗಳಿಗೆ.

ಅವಳು ಬಾಕ್ಸ್ ಚೀಲಕ್ಕೆ ಹಾಕಿ ಕೊಟ್ಟಳು. ಧನ್ಯವಾದ ಹೇಳಿದಳು. ಹೋಗಿ ಬನ್ನಿ ಅಂದಳು. ಆಮೇಲೆ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ಅದರ ಮುಂದೆ ನಿಂತಳು.

ಆಸ್ಪತ್ರೆಯ ಹಾಸಿಗೆ ಪಕ್ಕ ಕುರ್ಚಿ ಒಂದೇ ಇತ್ತು. ಒಂದೇ ಕುರ್ಚಿ, ಅದರಲ್ಲಿ ಅವಳೊಬ್ಬಳೇ. ಆ ಕಿಟಕಿಗಳನ್ನು ಅವಳು ಒಂಟಿಯಾಗಿ ನೋಡಿದ್ದಳು. ದೀಪ, ಪರದೆಯ ನಿಯಮ ಹೊಳೆದದ್ದು ಅಲ್ಲಿ, ಅದನ್ನು ಫೋನಿನಲ್ಲಿ ಅವನಿಗೆ ಹೇಳಿದ್ದೂ ಅಲ್ಲಿಂದಲೇ. ಅಪ್ಪನ ಬಲಗೈ ಸತ್ತುಹೋಗಿತ್ತು, ಎಡಗೈಯಲ್ಲಿ ಹಿಡಿಯುತ್ತಿದ್ದುದು ಅವಳ ಕೈಯನ್ನು. ತಾನು ಹೇಳಿದ್ದನ್ನೇ ಕದ್ದು, ತನ್ನ ಕೈ ತೆಗೆದು ಅಲ್ಲಿ ಅವನ ಕೈ ಇಟ್ಟುಕೊಂಡಿದ್ದಾನೆ. ಬಿಟ್ಟು ಹೋಗಿದ್ದನ್ನು ಅವಳು ಹೇಗೋ ನುಂಗಿದ್ದಳು. ಇರದಿದ್ದವನು ಇದ್ದೆನೆಂದು ಹೇಳಿ ಅದನ್ನು ಬಾಕ್ಸ್‌ನ ಜೊತೆ ಮಾರಿದ್ದು ಗಂಟಲಲ್ಲಿ ಇಳಿಯಲಿಲ್ಲ.

ಮುಖ ಒರೆಸಿಕೊಂಡು ಮೇಜಿಗೆ ಮರಳಿದಳು. ಎಲ್ಲಿ ಹೋಗಿದ್ದೆ ಎಂದು ಅವನ ಹುಬ್ಬು ಕೇಳಿತು. ಅವಳು ಚೆನ್ನಾಗಿ ನಕ್ಕಳು. ಅಷ್ಟು ಚೆನ್ನಾಗಿ ಅವಳು ಆ ಎರಡು ದಿನದಲ್ಲಿ ಒಮ್ಮೆಯೂ ನಕ್ಕಿರಲಿಲ್ಲ. ಅವನು ಪಾಪ, ಅದನ್ನು ತಪ್ಪಾಗಿ ಓದಿಕೊಂಡ.

ಮೂರನೆಯ ದಿನ ಮಧ್ಯಾಹ್ನ ಮೇಳ ನಡೆಸುವ ಹೆಂಗಸು ಬಂದು, ಸಮಾರೋಪಕ್ಕೆ ವೇದಿಕೆಯ ಮೇಲೆ ನೀವೇ ಆಡಿ ತೋರಿಸಬೇಕು ಅಂದರು. ಎಲ್ಲರೂ ನಿಮ್ಮನ್ನೇ ಕೇಳುತ್ತಿದ್ದಾರೆ. ಕಾರ್ಡ್‌ಗಳನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತೇವೆ, ನಿಮ್ಮ ಮುಖಗಳನ್ನೂ.

ನಾಲ್ಕು ಗಂಟೆಗೆ ವೇದಿಕೆ ಹತ್ತಿದರು. ಕೆಳಗೆ ಇನ್ನೂರು ಮುನ್ನೂರು ಜನ. ಅವನು ಬಿಳಿ ಅಂಗಿ ಹಾಕಿದ್ದ, ತೋಳು ಮಡಚಿದ್ದ. ಆಡುವಾಗ ಅವನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. ಇಂದು ಅದರಲ್ಲಿ ಕೀಟಲೆ ಇರಲಿಲ್ಲ. ಕೊನೆಯ ಕಾರ್ಡ್ ತಿರುಗಿಸಿದರು. ಮಾತಾಡಿಕೊಂಡಂತೆ ಎರಡೂ ದೀಪ. ಚಪ್ಪಾಳೆ ಬಿತ್ತು. ಅವಳು ಏಳುವಷ್ಟರಲ್ಲಿ ಬಣ್ಣ ಮೈಕ್ ಕೈಗೆತ್ತಿಕೊಂಡಿದ್ದ.

"ಒಂದು ಮಾತು ಹೇಳ್ಬೇಕು," ಅಂದ. "ಮೂರು ದಿನದಿಂದ ನಾವು ನಿಮಗೆ ಸುಳ್ಳು ಹೇಳ್ತಾ ಇದೀವಿ. ನಾವು ಜೋಡಿ ಅಲ್ಲ. ಎಂಟು ತಿಂಗಳ ಹಿಂದೆ ನಾನು ಇವಳನ್ನ ಬಿಟ್ಟು ಹೋದೆ. ಇವಳಪ್ಪ ಸಾಯ್ತಾ ಇದ್ದಾಗ ಹೋದೆ. ಹೆದರಿ ಓಡಿಹೋದೆ, ಅದಕ್ಕೆ ಬೇರೆ ಹೆಸರಿಲ್ಲ."

ಅವನು ಅವಳ ಕಡೆ ತಿರುಗಿದ.

"ಟೀಚರ್, ಒಬ್ಬಳೇ ಇದ್ದಾಗ ಕೇಳೋಕೆ ಧೈರ್ಯ ಸಾಲ್ಲಿಲ್ಲ. ಇಷ್ಟು ಜನದ ಮುಂದೆ ಕೇಳ್ತಾ ಇದೀನಿ. ನಂಗೆ ನೀನು ಬೇಕು. ಬೈಯಿ, ಹೊಡಿ, ಏನಾದ್ರೂ ಮಾಡು. ವಾಪಸ್ ಕರ್ಕೋ."

ಅವನ ಕಣ್ಣು ತುಂಬಿತ್ತು. ಹಿಂದಿನ ಪರದೆಯ ಮೇಲೆ ಅದು ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಎಂಟು ತಿಂಗಳಲ್ಲಿ ಇದೇ ಮಾತುಗಳನ್ನು ಅವಳು ಅವನ ಬಾಯಿಗೆ ಎಷ್ಟು ಸಲ ಇಟ್ಟು ನೋಡಿದ್ದಳೋ. ಪಾತ್ರೆ ತೊಳೆಯುವಾಗ, ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗ. ಹೆಚ್ಚು ಕಡಿಮೆ ಹೀಗೆಯೇ ಇರುತ್ತಿದ್ದವು ಅವು. ಮೇಜು ಸುತ್ತಿ ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.

ಆಗ ಎರಡನೆಯ ಸಾಲಿನಲ್ಲಿ ನಿನ್ನೆಯ ಹೆಂಗಸು ಕಂಡರು. ಕರ್ಚೀಫು ಆಗಲೇ ಕೈಯಲ್ಲಿತ್ತು.

ಅವಳು ಅವನ ಕೈಯಿಂದ ಮೈಕ್ ತೆಗೆದುಕೊಂಡಳು. ಜನರ ಕಡೆ ತಿರುಗಿದಳು.

"ಈ ಆಟದಲ್ಲಿ ಮಾತು ಯಾಕೆ ಇಲ್ಲ ಅಂತ ಮೂರು ದಿನದಿಂದ ಎಲ್ಲರೂ ಕೇಳ್ತಾ ಇದ್ರಿ. ಈಗ ಗೊತ್ತಾಯ್ತಲ್ಲ," ಅಂದಳು, ತರಗತಿಯಲ್ಲಿ ಮಾತಾಡುವ ಸ್ವಚ್ಛ ಸ್ವರದಲ್ಲಿ. "ಬಾಯಿ ಬಿಡೋಕೆ ಬಿಟ್ರೆ ಇಷ್ಟು ಚೆನ್ನಾಗಿ ನಂಬಿಸ್ತಾರೆ. ಅವನು ಹೇಳಿದ್ದನ್ನೆಲ್ಲ ಬರೆದು ಕೊಟ್ಟಿದ್ದು ನಾನೇ. ಕಣ್ಣೀರು ಮಾತ್ರ ಅವನ ಸ್ವಂತದ್ದು."

ಹಾಲ್ ಪೂರ್ತಿ ನಗುವಿನಲ್ಲಿ ಬಿರಿಯಿತು. ಕೂತವರು ಎದ್ದು ಚಪ್ಪಾಳೆ ಹೊಡೆದರು, ಸಿಳ್ಳೆ ಹಾಕಿದರು. ಕರ್ಚೀಫಿನ ಹೆಂಗಸು ಅಳುತ್ತಾ ಅಳುತ್ತಾ ನಕ್ಕರು.

ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ಅವನ ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಬಳಿಕ ಅದು ನಿಧಾನವಾಗಿ ಅರ್ಥ ಮಾಡಿಕೊಂಡಿತು. ನಿಜವೆಂದು ಗೊತ್ತಿದ್ದೇ ಅವಳು ಹೀಗೆ ಮಾಡಿದಳು ಎಂದು ಅವನು ತಿಳಿದ ಘಳಿಗೆಯನ್ನು ಅವಳು ಕಣ್ಣಾರೆ ಕಂಡಳು. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಅವನು ಏನು ಮಾಡಬೇಕಿತ್ತು? ನಕ್ಕ. ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ.

ಉಳಿದ ಬಾಕ್ಸ್‌ಗಳಿಗೆ ಸಾಲು ನಿಂತಿತು. ಎಲ್ಲರಿಗೂ ಇಬ್ಬರ ಸಹಿ ಬೇಕು. ಅವನು ಪ್ರತಿ ಬಾಕ್ಸ್‌ನ ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ ಬರೆದು, ಅದರೊಳಗೆ ದೀಪ ಬರೆದು, ಅವಳ ಕಡೆ ಸರಿಸುತ್ತಿದ್ದ; ಅವಳು ಕೆಳಗೆ ಸಹಿ ಹಾಕುತ್ತಿದ್ದಳು. ಅವನ ಗೆರೆ ಅಂಕುಡೊಂಕಾಗಿ ಹೋಗುತ್ತಿತ್ತು.

"ಏನ್ ಆಕ್ಟಿಂಗ್ ಸರ್ ನಿಮ್ದು," ಅಂದಳು ಒಬ್ಬ ಕಾಲೇಜು ಹುಡುಗಿ. "ನಾನು ನಿಜ ಅಂತಲೇ ಅಂದ್ಕೊಂಡುಬಿಟ್ಟಿದ್ದೆ."

"ಥ್ಯಾಂಕ್ಸ್," ಅಂದ ಅವನು.

ಐದೂವರೆಗೆ ಮೇಜು ಖಾಲಿಯಾಯಿತು. ಒಂದು ಬಾಕ್ಸೂ ಉಳಿಯಲಿಲ್ಲ. ಅವನು ಬಟ್ಟೆ ಮಡಚಿದ, ಫಲಕ ಬಿಚ್ಚಿದ, ರಟ್ಟುಗಳನ್ನು ಚಪ್ಪಟೆ ಮಾಡಿ ಕಟ್ಟಿದ. ಎಲ್ಲ ಮುಗಿದ ಮೇಲೆ ಅವಳ ಮುಂದೆ ಬಂದು ನಿಂತ.

"ನಿಜ ಅಂತ ಗೊತ್ತಿತ್ತಲ್ವಾ ನಿಂಗೆ?"

"ಗೊತ್ತಿತ್ತು."

"ಬೇಡ ಅಂದಿದ್ರೆ ಸಾಕಾಗ್ತಿತ್ತು ಟೀಚರ್."

ಅವಳು ಮಾತು ನುಂಗಲಿಲ್ಲ. ನಿನ್ನೆ ಆ ಹೆಂಗಸಿಗೆ ನೀನು ಹೇಳಿದ್ದು ಕೇಳಿಸಿಕೊಂಡೆ ಅಂದಳು. ಬಿಟ್ಟು ಹೋದೆ, ಸರಿ. ನಾನು ಒಬ್ಬಳೇ ಕೂತ ಜಾಗವನ್ನೂ ಬಿಡಲಿಲ್ಲವಲ್ಲ ನೀನು.

"ಆ ಕುರ್ಚಿ ಮೇಲೆ ನೀನು ಕೂತಿರ್ಲಿಲ್ಲ."

ಅವನು ಬಾಯಿ ತೆರೆದ. ಏನೋ ಹೇಳಲು ಹೊರಟವನು, ಹೇಳಿದರೆ ಏನಾಗುತ್ತದೆ ಎಂದು ಅಳೆಯುವವನಂತೆ ಅವಳ ಮುಖ ನೋಡಿದ. ಮತ್ತೆ ಮುಚ್ಚಿಕೊಂಡ. ಕೊರಳಲ್ಲಿದ್ದ ಬ್ಯಾಡ್ಜ್ ತೆಗೆದು ಮೇಜಿನ ಮೇಲಿಟ್ಟು, ಬರ್ತೀನಿ ಎನ್ನದೆ ಹೋದ. ಸಾಲು ಸಾಲು ಮೇಜುಗಳ ನಡುವೆ ಆ ಬಿಳಿ ಅಂಗಿ ಬಾಗಿಲಿನವರೆಗೂ ಕಾಣುತ್ತಿತ್ತು. ಅವಳು ಬಾಗಿಲಿನವರೆಗೂ ನೋಡಿದಳು.

ಗೆದ್ದೆ ಅನಿಸಬೇಕಿತ್ತು. ಅವಳು ಅವನ ಬ್ಯಾಡ್ಜ್ ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಅಕ್ಕ ಫೋನ್ ಮಾಡಿದಳು. ಎಲ್ಲ ಮಾರಾಟವಾಯಿತು ಎಂದು ಇವಳು ಹೇಳಿದಳು. ಅವನೆಲ್ಲಿ ಎಂದು ಅಕ್ಕ ಕೇಳಿದಾಗ ಹೋದ ಅಂದಳು. ವೇದಿಕೆಯಲ್ಲಿ ನಡೆದದ್ದನ್ನೂ ಹೇಳಿದಳು, ನಿನ್ನೆಯ ಕಥೆಯನ್ನೂ ಹೇಳಿದಳು, ನಾಚಿಕೆಯಿಲ್ಲದೆ ಅಪ್ಪನ ಎಡಗೈಯನ್ನೂ ಸೇರಿಸಿ ಹೇಳಿದ ಅಂದಳು.

ಅಕ್ಕ ಅವಳ ಮಾತು ತಡೆದಳು.

"ಅವನು ಹೇಳ್ಲಿಲ್ವಾ ನಿಂಗೆ?" ಅಂದಳು. "ಆ ಭಾನುವಾರ ನಿನ್ನನ್ನ ನಾನೇ ಸ್ನಾನಕ್ಕೆ ಅಂತ ನಮ್ಮನೆಗೆ ಕಳ್ಸಿದ್ನಲ್ಲ, ನೀನು ಅಲ್ಲೇ ನಿದ್ದೆ ಹೋದೆ. ಅವತ್ತು ಬಂದಿದ್ದ ಕಣೇ. ಮಧ್ಯಾಹ್ನದಿಂದ ಸಂಜೆ ತನಕ ಆ ಕುರ್ಚಿಲೇ ಕೂತಿದ್ದ. ಅಪ್ಪ ಕೈ ಹಿಡಿದೋರು ಬಿಡ್ಲೇ ಇಲ್ಲ. ಎದ್ದು ಹೋಗುವಾಗ ಗೋಡೆ ಹಿಡ್ಕೊಂಡು ಹೋದ. ನಿಂಗೆ ಹೇಳ್ಬೇಡಿ ಅಂದ. ಮಾರನೇ ದಿನ ಮನೆ ಬಿಟ್ಟ."

ಅವಳು ಖಾಲಿ ಮೇಜಿನ ಅಂಚು ಹಿಡಿದುಕೊಂಡಳು. ಎಂಟು ತಿಂಗಳು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದಳು.

"ಒಂದು ಮಧ್ಯಾಹ್ನ ಕೂತಿದ್ದಕ್ಕೆ ಅವನನ್ನ ಒಳ್ಳೆಯವನು ಮಾಡೋಕೆ ನಂಗೆ ಇಷ್ಟ ಇರ್ಲಿಲ್ಲ. ಹೇಳೋದಿದ್ರೆ ಅವನೇ ಹೇಳ್ಲಿ ಅಂತಲೇ ನಿನ್ನ ಪಕ್ಕ ಮೂರು ದಿನ ಕೂರ್ಸಿದ್ದು."

ಅವಳು ಅವನಿಗೆ ಫೋನ್ ಮಾಡಿದಳು. ಎತ್ತುವುದಿಲ್ಲ ಅಂದುಕೊಂಡಳು. ಮೂರನೆಯ ಸಲ ಎತ್ತಿದ. ಬಸ್ಸಿನ ಸದ್ದು ಕೇಳುತ್ತಿತ್ತು.

"ಭಾನುವಾರದ್ದು ಅಕ್ಕ ಹೇಳಿದ್ಲು," ಅಂದಳು. "ಯಾಕೆ ಹೇಳ್ಲಿಲ್ಲ ನೀನು? ಈಗ, ಅಲ್ಲಿ ನಿಂತಾಗ, ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನೀನು ಆರು ವಾರ, ನಾನು ಒಂದು ಮಧ್ಯಾಹ್ನ." ಅಂದ ಅವನು. "ಅವರು ಬಿಡ್ಲಿಲ್ಲ ಟೀಚರ್. ನಾನು ಒಂದೊಂದೇ ಬೆರಳು ಬಿಡಿಸ್ಕೊಂಡು ಎದ್ದು ಬಂದೆ. ಅವರು ನನ್ನೇ ನೋಡ್ತಾ ಇದ್ರು. ಅದಾದ್ಮೇಲೆ ನಿನ್ನ ಮುಖ ನೋಡೋಕೆ ನನ್ನಿಂದಾಗ್ಲಿಲ್ಲ. ನಿನ್ನೆ ಆ ಹೆಂಗಸು ಕೇಳಿದಾಗ, ಅಲ್ಲೇ ಕೂತಿದ್ದೆ ಅಂತ ಹೇಳ್ಬೇಕು ಅನ್ನಿಸ್ತು. ಒಂದ್ಸಲ ಆದ್ರೂ ಬಿಡಿಸ್ಕೊಳ್ಳದೆ ಕೂತಿದ್ದೆ ಅಂತ."

ಅವಳು ಅಳುತ್ತಿದ್ದಳು, ಸದ್ದಿಲ್ಲದೆ. ನನ್ನನ್ನು ಕ್ಷಮಿಸು ಅಂದಳು. ವೇದಿಕೆಯ ಮೇಲೆ ನೀನು ಹೇಳಿದ ಒಂದೊಂದು ಮಾತೂ ನನಗೆ ಬೇಕಾಗಿತ್ತು, ಇವತ್ತಿಗೂ ನೀನು ಬೇಕು ಅಂದಳು. ಅದನ್ನು ಹೇಳಲು ಈಗ ಅವಳಿಗೆ ಕಷ್ಟವೇ ಆಗಲಿಲ್ಲ.

"ಕ್ಷಮಿಸೋದೇನು ಬಂತು, ಕ್ಷಮಿಸಿದೀನಿ," ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. "ಅಲ್ಲಿದ್ದೋರೆಲ್ಲ ನಾಟಕ ಅಂದ್ಕೊಂಡು ನಕ್ರು. ನೀನೊಬ್ಳೇ ನಿಜ ಅಂತ ಗೊತ್ತಿದ್ದು ನಗಿಸ್ದೆ. ನಾನು ಇನ್ನೊಂದ್ಸಲ ನಿನ್ನ ಮುಂದೆ ಬಾಯಿ ಬಿಡುವಾಗ ಅದೇ ನೆನಪಾಗುತ್ತೆ. ನೀನು ನನ್ನ ನೋಡುವಾಗ ಟೈಲರ್ ಹತ್ರ ಇಟ್ಟ ಬೀಗದಕೈ ನೆನಪಾಗುತ್ತೆ. ಇಷ್ಟೆಲ್ಲಾ ಇಟ್ಕೊಂಡು ಒಂದೇ ಮನೇಲಿ ಹೆಂಗಿರೋದು?"

ಇರಬಹುದು ಎಂದು ಅವಳು ಹೇಳಬೇಕೆಂದಿದ್ದಳು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

ಕೆಲಸದವರು ಬಂದು ಮೇಜು ಮಡಚಬೇಕು ಮೇಡಂ ಅಂದರು. ಅವಳು ಫೋನ್ ಕಿವಿಗೆ ಒತ್ತಿಕೊಂಡೇ ಪಕ್ಕಕ್ಕೆ ಸರಿದಳು. ಪಕ್ಕದ ಮುದುಕರು ತಮ್ಮ ಪೆಟ್ಟಿಗೆ ಮುಚ್ಚಿ, ಅವಳ ಮುಖ ನೋಡಿ, ಬೇರೆ ಕಡೆ ತಿರುಗಿ ಕೂತರು.

"ನಾನು ಇಳಿಯೋ ಜಾಗ ಬಂತು," ಅಂದ ಬಣ್ಣ.

"ಹೂಂ. ಇಳಿ."

ಬಸ್ಸು ನಿಂತದ್ದು ಕೇಳಿಸಿತು. ಬಾಗಿಲು ತೆರೆದ ಸದ್ದು, ಯಾರೋ ಇಳಿದ ಸದ್ದು. ಬಸ್ಸು ಮತ್ತೆ ಹೊರಟಿತು. ಅವನು ಇಳಿದಿರಲಿಲ್ಲ. ಇಳಿಯಲಿಲ್ಲವೇ ಎಂದು ಅವಳು ಕೇಳಲಿಲ್ಲ. ಮುಂದಿನ ನಿಲ್ದಾಣ ಬಂತು, ಹೋಯಿತು. ಅದರ ಮುಂದಿನದೂ ಬಂತು. ಒಬ್ಬರ ಉಸಿರು ಒಬ್ಬರಿಗೆ ಕೇಳುತ್ತಿತ್ತು. ಹಾಲ್‌ನಲ್ಲಿ ಮೇಜುಗಳು ಒಂದೊಂದಾಗಿ ಮಡಚಿಕೊಂಡು, ಅವಳ ಸುತ್ತ ಬರೀ ನೆಲ ಉಳಿಯಿತು.

"ಟೀಚರ್, ಫೋನ್ ಇಟ್ಬಿಡು," ಅಂದ ಅವನು, ತುಂಬ ಮೆಲ್ಲಗೆ. "ನಂಗೆ ಆಗ್ತಿಲ್ಲ. ನೀನೇ ಇಡು."

ಅವಳು ಇಟ್ಟಳು.